ಮಾವನ ಬಂದೂಕಿಗೆ ಮುದ್ರೆ ಇಲ್ಲ

ಸೈನ್ಯದ ಹಳೆಯ ಬಂದೂಕುಗಳ ಮೇಲಿರುವ ಮುದ್ರೆಗಳನ್ನು ಓದಬಲ್ಲವನು ನಮ್ಮ ಲಾಂಗ್ನೌ ಊರಿನಲ್ಲಿ ನಾನೊಬ್ಬನೇ. (ಬೇರೆ ಯಾರಿಗೂ ಅದು ಬೇಕಾಗಿಲ್ಲ, ಅದಕ್ಕೇ ನೀನೊಬ್ಬನೇ ಎಂದು ನನ್ನ ಹೆಂಡತಿ ಡೋರ್ಲಿ ಹೇಳುತ್ತಾಳೆ. ಮಹಾಪುರುಷರ ಮನೆಗಳಲ್ಲೆಲ್ಲ ಇದೇ ಕಥೆ.) ನಳಿಗೆಯ ಬುಡದಲ್ಲಿ ಸಾಸಿವೆ ಕಾಳಿನಷ್ಟು ಶಿಲುಬೆ ಇದ್ದರೆ ಬಂದೂಕು ತಪಾಸಣೆಯಲ್ಲಿ ಪಾಸಾಗಿದೆ ಎಂದರ್ಥ. ಶಿಲುಬೆಯ ಕೆಳಗಿನ ಅಕ್ಷರ, ಪಾಸು ಮಾಡಿದ ಅಧಿಕಾರಿಯ ಹೆಸರಿನದು. ಇನ್ನು ಎಲ್ಲಕ್ಕಿಂತ ದೊಡ್ಡದು ‘ಪಿ’. ನಮ್ಮ ದೇಶದಲ್ಲಿ ಗಂಡಸರೆಲ್ಲ ಸೈನಿಕರೇ, ಬಂದೂಕು ಮನೆಯಲ್ಲೇ ಇರುತ್ತದೆ. ಐವತ್ತರ ವಯಸ್ಸಿಗೆ ಸೈನ್ಯ ನಮ್ಮನ್ನು ಬಿಟ್ಟುಕೊಡುವಾಗ ಬಂದೂಕನ್ನೂ ಕೊಟ್ಟು ಕಳಿಸುತ್ತದಲ್ಲ, ಆಗ ಶಸ್ತ್ರಾಗಾರದವರು ಅದರ ಮೇಲೆ ಪಿ ಎಂದು ಒಂದೇಟು ಹೊಡೆಯುತ್ತಾರೆ. ಪಿ ಬಿದ್ದರೆ ಬಂದೂಕು ನಿಮ್ಮದು. ಬೀಳದಿದ್ದರೆ ಸರ್ಕಾರದ್ದು, ನೀವು ಅದರ ಕಾವಲುಗಾರ.

ಆ ಭಾನುವಾರ ಮಾವ ಎಮಿಲ್ ತಮ್ಮ ಬಂದೂಕನ್ನು ಹೆಗಲಿಗೇರಿಸಿಕೊಂಡು ಊಟಕ್ಕೆ ಬಂದರು. ನಲವತ್ತು ವರ್ಷ ಅಂಚೆ ಮಾಸ್ತರರಾಗಿದ್ದು ಒಂದೇ ಒಂದು ಅಂಚೆಚೀಟಿಯನ್ನೂ ಸೊಟ್ಟ ಅಂಟಿಸದ ಮನುಷ್ಯ. ಮುಂದಿನ ವಾರ ನಮ್ಮ ಗುರಿಕಾರರ ಸಂಘ ಅವರನ್ನು ಗೌರವ ಸದಸ್ಯರನ್ನಾಗಿ ಮಾಡುವುದಿತ್ತು. ‘ಕರಡಿ’ ಹೋಟೆಲಿನ ಮೇಜಿನ ಮೇಲೆ ಅವರ ಬಂದೂಕನ್ನಿಟ್ಟು, ಪಕ್ಕದಲ್ಲಿ ನಾನು ಬರೆದ ವಿವರ ಇಡಬೇಕೆಂದು ತೀರ್ಮಾನವಾಗಿತ್ತು. (ತೀರ್ಮಾನ ಮಾಡಿದವನು ನಾನು.)

ಭೂತಗನ್ನಡಿ ಹಿಡಿದೆ. ಒಂದು ಸಲ ನೋಡಿದೆ, ಎರಡು ಸಲ ನೋಡಿದೆ.

“ಮಾವ, ಇದಕ್ಕೆ ಪಿ ಇಲ್ಲ.”

“ಏನಿಲ್ಲ?”

“ಪಿ. ಅಂದ್ರೆ ಕಾನೂನಿನ ಪ್ರಕಾರ ಇದು ನಿಮ್ಮದಲ್ಲ. ಸರ್ಕಾರದ್ದು.”

ಒಲೆಯ ಮುಂದೆ ಆಲೂಗಡ್ಡೆ ರೋಸ್ತಿ ಮಗುಚುತ್ತಿದ್ದ ಡೋರ್ಲಿ ಸೌಟಿನ ಸಮೇತ ತಿರುಗಿದಳು.

“ಎರ್ವಿನ್, ಊಟಕ್ಕೆ ಕರೆದು ಅಪ್ಪನ್ನ ಕಳ್ಳ ಅಂತಿದ್ದೀಯಾ?”

“ನಾನೆಲ್ಲಿ ಅಂದೆ? ಮುದ್ರೆ ಹೇಳ್ತಿದೆ.”

“ಮುದ್ರೆಗೆ ಬಾಯಿಲ್ಲ. ನಿಂಗಿದೆ. ಅದೇ ಈ ಮನೆಯ ಕಷ್ಟ.”

ಮಾವ ಫೋರ್ಕನ್ನು ತಟ್ಟೆಯ ಅಂಚಿಗೆ ನೆಟ್ಟಗೆ ಇಟ್ಟರು. “ಹತ್ತೊಂಬತ್ತು ವರ್ಷದ ಹಿಂದೆ ಹೊಡೆಸಿದ್ದೆ. ಎದುರಿಗೇ ನಿಂತು ನೋಡಿದ್ದ ನೆನಪು. ಆದ್ರೆ ಈಗ ಕಣ್ಣಲ್ಲಿ ಪೊರೆ, ನೆನಪಲ್ಲೂ ಪೊರೆ ಬಂತೋ ಏನೋ. ಓದೋಕೆ ಬರೋನು ಇಲ್ಲ ಅಂದ್ರೆ ಇಲ್ಲವೇ ಇರ್ಬೇಕು.”

“ಅಪ್ಪ, ಇವನ ಮಾತು ಯಾಕೆ ಕೇಳ್ತೀಯ?”

“ಇಲ್ಲಮ್ಮ. ನನ್ನದಲ್ಲದ್ದನ್ನ ಮನೇಲಿಟ್ಕೊಂಡು ಗೌರವ ಸದಸ್ಯ ಆಗೋಕಾಗಲ್ಲ. ನಾಳೆ ಶಸ್ತ್ರಾಗಾರಕ್ಕೆ ಒಪ್ಪಿಸಿ ಬರ್ತೀನಿ. ಸಮಾರಂಭ ಬೇಡ ಅಂತ ಸಂಘಕ್ಕೆ ಹೇಳಿಬಿಡಿ.”

ಅರ್ಧ ಸಾಸೇಜು ತಟ್ಟೆಯಲ್ಲೇ ಬಿಟ್ಟು ಎದ್ದರು. ಮಾವ ಸಾಸೇಜು ಬಿಟ್ಟೆದ್ದದ್ದನ್ನು ನಾನು ನೋಡಿದ್ದು ಎರಡನೇ ಸಲ. ಮೊದಲನೆಯದು ಅತ್ತೆ ತೀರಿಕೊಂಡ ದಿನ. ನಾನೂ ಫೋರ್ಕು ಕೆಳಗಿಟ್ಟೆ. ಆದರೆ ಸತ್ಯಕ್ಕೆ ನೆಂಟಸ್ತಿಕೆ ಇಲ್ಲವಲ್ಲ! ಹಾಗೆಂದು ಡೋರ್ಲಿಗೆ ಹೇಳಿದೆ. ಅವಳು ನನ್ನ ತಟ್ಟೆಯನ್ನೂ ಎತ್ತಿಕೊಂಡು ಹೋದಳು.

ಸೋಮವಾರ ಮೂವರೂ ಬಸ್ಸು ಹತ್ತಿದೆವು. ಮಾವ ಇಗರ್ಜಿಗೆ ಹೋಗುವ ಕರಿಕೋಟು ಹಾಕಿ, ಬಂದೂಕನ್ನು ಕೊಡೆಯಂತೆ ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತಿದ್ದರು. “ಏನು ಎಮಿಲ್, ಗುರಿ ಅಭ್ಯಾಸಕ್ಕಾ?” ಎಂದು ಡ್ರೈವರ್ ಕೇಳಿದ. “ಅಲ್ಲಪ್ಪ, ವಾಪಸ್ ಕೊಡೋಕೆ” ಎಂದು ಮಾವ ಕಿಟಕಿಯ ಕಡೆ ತಿರುಗಿದರು. ಡೋರ್ಲಿ ನನ್ನ ಕಾಲು ತುಳಿದಳು. ಬಸ್ಸು ಅಲುಗಾಡಿರಲಿಲ್ಲ.

ಶಸ್ತ್ರಾಗಾರದ ಕೌಂಟರಿನ ಹಿಂದೆ ಪೊದೆಮೀಸೆಯ ಮಿಸ್ತ್ರಿಯೊಬ್ಬ ಇದ್ದ. ಅವನಿಗೆ ನಾನು ಶಿಲುಬೆಯಿಂದ ಶುರುಮಾಡಿ ಕಾಲು ಗಂಟೆ ಸಕಲ ಮುದ್ರಾಶಾಸ್ತ್ರವನ್ನೂ ವಿವರಿಸಿದೆ. ಪೂರ್ತಿ ಕೇಳಿದ.

“ಮುಗೀತಾ?” ಎಂದ. ತಿರುಪುಳಿ ತೆಗೆದುಕೊಂಡು ಬಂದೂಕಿನ ಹಿಂಬದಿಯ ಉಕ್ಕಿನ ತಗಡಿನ ಎರಡು ತಿರುಪು ಬಿಚ್ಚಿದ. “ಯಾರ ಬಂದೂಕೋ ಅವರು ಹೆಸರು ಬರೆದು ಇದರೊಳಗೆ ಚೀಟಿ ಇಟ್ಟಿರ್ತಾರಲ್ಲ, ಸ್ವಾಮಿ.”

(ಚೀಟಿಯ ವಿಷಯ ನನಗೆ ಗೊತ್ತಿರಲಿಲ್ಲವೆಂದಲ್ಲ. ಮುದ್ರೆ ಓದಬಲ್ಲವನು ಚೀಟಿ ಯಾಕೆ ಓದಬೇಕು?)

ಮಡಿಚಿದ ಕಾಗದ ಹೊರಬಂತು. ಮಿಸ್ತ್ರಿ ಗಟ್ಟಿಯಾಗಿ ಓದಿದ: “ಎರ್ವಿನ್ ಶ್ಟುಕಿ, ಲಾಂಗ್ನೌ. ಯಾರಿದು?”

ನಾನು ಬಗ್ಗಿ ನೋಡಿದೆ. ಅಕ್ಷರ ನನ್ನದೇ.

“ಎರಡು ವರ್ಷದ ಹಿಂದೆ, ಸೈನ್ಯ ಬಿಟ್ಟ ದಿನ,” ಎಂದು ಡೋರ್ಲಿ ಮೆಲ್ಲಗೆ ಶುರುಮಾಡಿದಳು, “ಪಿ ಹೊಡೆಸ್ಕೊಂಡ್ಯಾ?”

“ಮೊದಲ ಮೇಜಲ್ಲಿ ಸೇವಾಪುಸ್ತಕಕ್ಕೆ ಸೀಲು ಹಾಕಿಸ್ಕೊಂಡೆ. ಎರಡನೇ ಮೇಜಲ್ಲಿ ಬಂದೂಕಿಗೆ ಹೊಡೆಸ್ಬೇಕಿತ್ತು. ಮಧ್ಯದಲ್ಲಿ ಕೆಲವು ಹುಡುಗರಿಗೆ ಶಿಲುಬೆ ಬಗ್ಗೆ ಹೇಳ್ತಿದ್ದೆ… ಅಷ್ಟರಲ್ಲಿ ಊಟಕ್ಕೆ ಕರೆದ್ರು.”

“ಅಲ್ಲಿಂದ ನೇರ ಕರಡಿ ಹೋಟೆಲು. ಅಪ್ಪನೂ ಅಭ್ಯಾಸ ಮುಗಿಸಿ ಅಲ್ಲಿಗೇ ಬಂದಿದ್ದ. ಎರಡೂ ಬಂದೂಕು ಕೊಡೆಗಳ ಜೊತೆ ಮೂಲೇಲಿದ್ವು ಅಂತ ಅಪ್ಪನೇ ಹೇಳಿದ್ದ.”

“ನಮ್ಮ ಮನೆ ಗೋಡೆ ಮೇಲಿರೋ ನನ್ನ ಬಂದೂಕಿಗೆ ಪಿ ಇದೆಯಲ್ಲೇ!”

“ಇದೆ. ಅಪ್ಪನ ಪಿ. ಮೂವತ್ತು ವರ್ಷ ಹೆಗಲ ಮೇಲಿದ್ದ ಬಂದೂಕು ಬದಲಾದ್ರೂ ಗೊತ್ತಾಗ್ಲಿಲ್ಲ ನಿಂಗೆ. ಆ ದಿನ ನಾನು ಹೋಟೆಲಿಗೆ ಬರದಿದ್ದದ್ದೇ ಒಳ್ಳೇದಾಯ್ತು, ನನ್ನನ್ನೂ ಬದಲಾಯಿಸ್ಕೊಂಡು ಬರ್ತಿದ್ದೆ.”

ಮಾವನ ಮುಖದಲ್ಲಿ ಬಿಸಿಲು ಬಂತು. “ಅದಕ್ಕೇ! ಎರಡು ವರ್ಷದಿಂದ ನನ್ನ ಗುಂಡೆಲ್ಲ ಎಡಕ್ಕೇ ಹೋಗ್ತಿತ್ತು. ಕಣ್ಣಿನ ದೋಷ ಅಂದ್ಕೊಂಡಿದ್ದೆ!” (ಆ ಎರಡು ವರ್ಷದಲ್ಲೇ ನನಗೆ ಜೀವಮಾನದ ಮೊದಲ ಎರಡು ಪದಕ ಬಂದದ್ದನ್ನು ಆಗ ಯಾರೂ ನೆನಪಿಸಲಿಲ್ಲ. ಇದಕ್ಕೇ ಸಂಸ್ಕಾರವಂತರ ಮನೆಯಿಂದ ಹೆಣ್ಣು ತರಬೇಕು ಎನ್ನುವುದು.)

ಮಿಸ್ತ್ರಿ ಒಂದು ನಮೂನೆಯ ಕಾಗದ ತೆಗೆದ. “ಹಾಗಾದ್ರೆ ಸರ್ಕಾರದ ಬಂದೂಕನ್ನ ಎರಡು ವರ್ಷದಿಂದ ಒಪ್ಪಿಸದೇ ಇರೋರು ನೀವು. ಈಗ ಪಿ ಹೊಡೀಬೇಕಾದ್ರೆ, ಈ ಮನುಷ್ಯ ನಂಬಿಗಸ್ಥ ಅಂತ ಊರಿನ ಗೌರವಸ್ಥರೊಬ್ಬರು ಬರೆದು ಸಹಿ ಹಾಕ್ಬೇಕು. ನಿಮ್ಮನ್ನ ಬಲ್ಲವರು ಯಾರಾದ್ರೂ ಇದ್ದಾರಾ?”

ನಾನು ನೆಲ ನೋಡಿದೆ. ಮಾವ ಕನ್ನಡಕ ಒರೆಸಿಕೊಂಡರು.

“ಏನ್ ಡೋರ್ಲಿ, ಹಾಕ್ಲಾ?”

“ಅವಸರ ಮಾಡ್ಬೇಡಪ್ಪ. ಚೆನ್ನಾಗಿ ನೋಡಿ ಹಾಕು.”

ಮಾವ ನನ್ನನ್ನು ಟೋಪಿಯಿಂದ ಬೂಟಿನವರೆಗೆ ನಿಧಾನವಾಗಿ ನೋಡಿದರು. ಬೆನ್ನ ಹಿಂದೆ ಬಂದು ಅಲ್ಲೂ ನೋಡಿದರು. ಕೊನೆಗೆ ಅಂಚೆ ಮಾಸ್ತರರ ದುಂಡಕ್ಷರದಲ್ಲಿ ಸಹಿ ಹಾಕಿ, ಷರಾ ಬರೆಯುವ ಜಾಗದಲ್ಲಿ ಒಂದು ಸಾಲು ಗೀಚಿ, ಕೆಳಗೆ ಗೆರೆ ಎಳೆದರು. ಮಿಸ್ತ್ರಿ ಬಂದೂಕಿಗೆ ಟಪ್ಪೆಂದು ಒಂದೇಟು ಹಾಕಿದ. ಮಾವ ಬರೆದ ಕಾಗದದ ಪ್ರತಿಯನ್ನು ನನ್ನ ಸೇವಾಪುಸ್ತಕಕ್ಕೆ ಅಂಟಿಸಿ, ಕಿತ್ತುಹಾಕುವಂತಿಲ್ಲ ಎಂದು ಎಚ್ಚರಿಸಿದ.

ಮಾವ ಬಸ್ಸಿನಲ್ಲಿ ಉದ್ದಕ್ಕೂ ಸಿಳ್ಳೆ ಹಾಕುತ್ತಿದ್ದರು. ಭಾನುವಾರದ ಸಮಾರಂಭಕ್ಕೆ ಯಾವ ಟೈ ಕಟ್ಟಲಿ ಎಂದು ಮಗಳನ್ನು ಎರಡು ಸಲ ಕೇಳಿದರು. ನಾನು ಪುಸ್ತಕ ತೆರೆದು ಆ ಸಾಲು ನೋಡಿದೆ: “ಪರೀಕ್ಷಿಸಿದ್ದೇನೆ. ಬಳಸಬಹುದು.”

ಡೋರ್ಲಿ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು. “ಅಪ್ಪ ಮೊದಲಿಂದಲೂ ಸ್ವಲ್ಪ ಧಾರಾಳಿ” ಎಂದಳು.