ಮಿಗ್ ವಿಮಾನಕ್ಕೆ ದೃಷ್ಟಿಬೊಟ್ಟು

ಲಕ್ಷ್ಮೀಪತಿಯ ಅತ್ತೆ ನೀಲಮ್ಮನವರು ವಿಮಾನಕ್ಕೆ ದೃಷ್ಟಿಬೊಟ್ಟು ಇಟ್ಟದ್ದೇ ಎಲ್ಲ ರಾಮಾಯಣಕ್ಕೂ ಮೂಲ.

ಅದು ಎಪ್ಪತ್ತೆರಡರ ನವರಾತ್ರಿ. ಯುದ್ಧ ಮುಗಿದು ವರ್ಷ ತುಂಬಿರಲಿಲ್ಲ. ಆಗೆಲ್ಲ ರಾಜಾಜಿನಗರದ ಬೀದಿಬಾಗಿಲುಗಳು ಮಲಗುವಾಗ ಮಾತ್ರ ಮುಚ್ಚುತ್ತಿದ್ದವು. ಯಾರ ಮನೆಯ ಒಗ್ಗರಣೆಗೆ ಯಾರು ಬೇಕಾದರೂ ಸೀನಬಹುದಿತ್ತು. ಅಂಥ ಕಾಲ ಇನ್ನು ಬರುವುದಿಲ್ಲ ಬಿಡಿ. ಆ ವರ್ಷ ಪೋಸ್ಟಾಫೀಸಿನ ಗುಮಾಸ್ತ ಲಕ್ಷ್ಮೀಪತಿ, ಹೆಂಡತಿ ವತ್ಸಲಳ ಗೊಂಬೆ ಹಬ್ಬಕ್ಕೆಂದು ಮರದಲ್ಲೊಂದು ಮಿಗ್ ಯುದ್ಧವಿಮಾನ ಕೆತ್ತಿದ್ದ. ಪಟ್ಟದ ಗೊಂಬೆಗಳ ಪಕ್ಕದಲ್ಲೇ ಅದಕ್ಕೆ ಜಾಗ ಸಿಕ್ಕಿತ್ತು.

ಕೆತ್ತಲು ಒಂದು ತಿಂಗಳು, ಬಣ್ಣಕ್ಕೆ ಎರಡು ತಿಂಗಳು. ಹಳೆಯ ಪತ್ರಿಕೆಯ ಚಿತ್ರ ನೋಡಿಕೊಂಡು ಮೈಗೆಲ್ಲ ಬೆಳ್ಳಿಬಣ್ಣ ಬಳಿದ. ರೆಕ್ಕೆಯ ಮೇಲೆ ವಾಯುಪಡೆಯ ದುಂಡು ಗುರುತು: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಆ ಸುತ್ತುಗಳನ್ನು ಅಂಗಿಯ ಗುಂಡಿಗಳನ್ನಿಟ್ಟು ಎಳೆದಿದ್ದ. ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು ನಾರಾಯಣಪ್ಪ ಮಾತ್ರ, "ಏನಯ್ಯಾ, ಮೀಸೆ ನರೆಯೋ ವಯಸ್ಸಲ್ಲಿ ಆಟದ ಸಾಮಾನು ಮಾಡ್ತಿದೀಯಂತೆ?" ಎಂದು ಬೀದಿಗೆಲ್ಲ ಕೇಳುವಂತೆ ಹಂಗಿಸಿದ್ದರು. ಲಕ್ಷ್ಮೀಪತಿಗೆ ಈಗ ಬೇಕಾಗಿದ್ದುದು ಒಂದೇ. ವಾಯುಪಡೆಯಿಂದ ನಿವೃತ್ತರಾಗಿ ಮೂಲೆಮನೆಗೆ ಬಂದಿದ್ದ ಪುರುಷೋತ್ತಮ ಸಾಹೇಬರು ಆ ಸಂಜೆ ಗೊಂಬೆ ನೋಡಲು ಬಂದಾಗ, ನಾರಾಯಣಪ್ಪನವರ ಎದುರಿಗೇ "ಬಣ್ಣ ಸರಿಯಾಗಿದೆ" ಅನ್ನಬೇಕು.

ಆ ದಿನ ಬೆಳಗ್ಗೆ ಅವನು ಆಫೀಸಿಗೆ ಹೋದದ್ದೇ ತಡ, ನೀಲಮ್ಮನವರು, "ಹೀಗೆ ಥಳಥಳ ಅಂತಿದ್ರೆ ಕಣ್ಣು ಬೀಳಲ್ವೇನೇ ವತ್ಸಲಾ?" ಎಂದು ವಿಮಾನದ ಮೂತಿಗೆ ಕಾಡಿಗೆ ಬೊಟ್ಟಿಟ್ಟರು. ಬೊಟ್ಟು ದಪ್ಪವಾಯಿತೆಂದು ಸೆರಗಿನಲ್ಲಿ ಒರೆಸಿದರು. ಅದು ರೆಕ್ಕೆಯವರೆಗೂ ಹಬ್ಬಿತು. ಬಾಗಿಲಲ್ಲಿ ಇಣುಕಿದ ನಾರಾಯಣಪ್ಪ, "ಸೀಮೆಣ್ಣೆ ಹಚ್ಚಿ ತಾಯಿ, ಹೋಗತ್ತೆ" ಎಂದರು. ಹೋಯಿತು, ಬೆಳ್ಳಿಬಣ್ಣದ ಸಮೇತ. ಗಾಬರಿಯಾದ ನಾರಾಯಣಪ್ಪ ತಮ್ಮ ಗೇಟಿಗೆ ಬಳಿದು ಉಳಿದಿದ್ದ ಹಸಿರನ್ನೂ ಸುಣ್ಣದ ಬ್ರಷ್ಷನ್ನೂ ತಂದರು. ಹಸಿರು ಹತ್ತದ ಕಡೆ ನೀಲಮ್ಮ ರಂಗೋಲಿಯ ಕೆಮ್ಮಣ್ಣು ಮೆತ್ತಿದರು.

ಊಟಕ್ಕೆ ಬಂದ ಲಕ್ಷ್ಮೀಪತಿಯ ಕಣ್ಣಿಗೆ ವಿಮಾನ ಕೆರೆಯಿಂದ ಎದ್ದುಬಂದ ಎಮ್ಮೆಯ ಹಾಗೆ ಕಂಡಿತು.

"ಯಾರು ಮಾಡಿದ್ದು ಇದನ್ನ?"

"ಕೋಪ ಮಾಡ್ಕೋಬೇಡಿ ಅಳಿಯಂದ್ರೇ, ದೃಷ್ಟಿ ತಾಗ್ದೇ ಇರ್ಲಿ ಅಂತ..." ನೀಲಮ್ಮ ತಡವರಿಸಿದರು.

"ಹಸಿರು ಒಳ್ಳೇ ಮಾಲು ಕಣಯ್ಯಾ," ಎಂದರು ನಾರಾಯಣಪ್ಪ. "ನಮ್ಮ ಗೇಟಲ್ಲಿ ಎರಡು ಮಳೆಗಾಲ ತಡೆದಿದೆ."

ಲಕ್ಷ್ಮೀಪತಿಗೆ ಅಳುವೇ ಬಂತು. ಊಟ ಬಿಟ್ಟ, ಅರ್ಧ ದಿನ ರಜೆ ಹಾಕಿದ. ಉಪ್ಪುಕಾಗದದಲ್ಲಿ ಮರ ಕಾಣುವವರೆಗೂ ಉಜ್ಜಿದ. ಮತ್ತೆ ಬೆಳ್ಳಿಬಣ್ಣ ಬಳಿದು, ಅಂಗಿಯ ಗುಂಡಿ ಕಿತ್ತು, ಉಸಿರು ಬಿಗಿಹಿಡಿದು ಮೂರು ಸುತ್ತು ಎಳೆದ. ವತ್ಸಲಾ ಪಾಪ, ಬಣ್ಣ ಒಣಗಲಿ ಎಂದು ಬೀಸಣಿಗೆ ಬೀಸಿ ಬೀಸಿ ಕೈ ಸೋತಳು. ಆರು ಗಂಟೆಗೆ ವಿಮಾನ ಮದುಮಗನಂತೆ ಮಿಂಚುತ್ತಿತ್ತು.

ಪುರುಷೋತ್ತಮರು ಬಂದರು. ಹಿಂದೆಯೇ ನಾರಾಯಣಪ್ಪ, ಅವರ ಹಿಂದೆ ಅರ್ಧ ಬೀದಿ. ಸಾಹೇಬರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಗುರುತು ಪರ್ಫೆಕ್ಟ್ ಕಣ್ರೀ. ಕೂದಲೆಳೆಯಷ್ಟೂ ತಪ್ಪಿಲ್ಲ."

ಲಕ್ಷ್ಮೀಪತಿ ನಾರಾಯಣಪ್ಪನವರ ಕಡೆ ತಿರುಗಿ ನಕ್ಕ.

"ಆದ್ರೆ ಹೋದ ಡಿಸೆಂಬರಲ್ಲಿ ಮೈ ಹೀಗಿರ್ಲಿಲ್ಲ," ಎಂದರು ಸಾಹೇಬರು. "ಇಷ್ಟು ಮಿಂಚಿದ್ರೆ ಶತ್ರು ಕಣ್ಣಿಗೆ ಬೀಳಲ್ವೇ? ಆರ್ಡರ್ ಬಂತು. ಸಿಕ್ಕಿದ ಹಸಿರು, ಸಿಕ್ಕಿದ ಮಣ್ಣುಬಣ್ಣ, ಕೈಗೆ ಬಂದ ಬ್ರಷ್ಷು, ನಾವೇ ಬಳಿದ್ವಿ. ಒಂದರ ಹಾಗೆ ಇನ್ನೊಂದಿಲ್ಲ. ನೋಡೋಕೆ ಗಲೀಜು. ಆದ್ರೆ ಹೋದ ವಿಮಾನ ತಿರುಗಿ ಬಂದಿಳಿದಾಗ, ಅದಕ್ಕಿಂತ ಚೆಂದ ಯಾವುದೂ ಕಾಣ್ತಿರ್ಲಿಲ್ಲ."

ಅವರ ದನಿ ಒಡೆಯಿತು. ಅಡಿಗೆಮನೆಯ ಬಾಗಿಲಿಂದ ನೀಲಮ್ಮ ಮೆಲ್ಲನೆ ಅಂದರು:

"ಕಣ್ಣು ಬೀಳ್ಬಾರ್ದು ಅಂತ್ಲೇ ನಾನೂ ಬಳಿದಿದ್ದು. ಹಸಿರು, ಕೆಮ್ಮಣ್ಣು, ಕಾಡಿಗೆ. ಅಳಿಯಂದ್ರು ಎಲ್ಲಾ ಉಜ್ಜಿ ಹಾಕ್ಬಿಟ್ರು."

ಪುರುಷೋತ್ತಮರು ನೆಟ್ಟಗೆ ನಿಂತು ಕೈಮುಗಿದರು. "ಅಮ್ಮಾ, ತಾವು ಯಾವ ಏರ್‌ಬೇಸಲ್ಲಿದ್ರಿ?"

ಮರುದಿನ ಸಾಹೇಬರು ಮತ್ತೆ ನೋಡಲು ಬರುವವರಿದ್ದರು. ನೀಲಮ್ಮ, ನಾರಾಯಣಪ್ಪ ಬೆಳಗ್ಗೆಯೇ ಬಣ್ಣಕ್ಕೆ ಕೂತರು. ಲಕ್ಷ್ಮೀಪತಿ ಇನ್ನೊಂದು ರಜೆ ಹಾಕಿದ. ಡಬ್ಬಿ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತಲ್ಲ.