ಕಂದಾಯದ ಚೌಕಾಸಿ

ಶಿರಾ ಗೇಟಿನ ಹಾರ್ಡ್‌ವೇರ್ ಅಂಗಡಿಯ ಮಹಾಲಿಂಗಯ್ಯನವರು ಹೇಳಿದ ಬೆಲೆಗೆ ಯಾವುದನ್ನೂ ಒಪ್ಪಿದವರಲ್ಲ. ಅವರು ಗುಬ್ಬಿ ಸಂತೆಗೆ ಕಾಲಿಟ್ಟರೆ ತೆಂಗಿನಕಾಯಿಗಳು ತಾವಾಗಿಯೇ ನಾಚಿ ಸಣ್ಣಗಾಗುತ್ತಿದ್ದವು ಎಂದು ಹಳಬರು ಹೇಳುತ್ತಾರೆ. ಕುಣಿಗಲ್ಲಿನ ಕುಂಬಳಕಾಯಿ ವ್ಯಾಪಾರಿಯೊಬ್ಬ ಇವರ ಟೀಕೆ ಕೇಳಿ ಕೇಳಿ ಕೊನೆಗೆ ತನ್ನ ಕುಂಬಳದ ಮೇಲೇ ಜಿಗುಪ್ಸೆ ಬಂದು, ರಾಶಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದನಂತೆ. ಡಾಕ್ಟರು ಬಿ.ಪಿ. ನೋಡಿ "ನೂರರವತ್ತು" ಎಂದಾಗ, "ನೂರನಲವತ್ತಕ್ಕೆ ಮುಗಿಸ್ಕೊಳಿ ಸಾರ್, ಹಳೇ ಗಿರಾಕಿ" ಎಂದದ್ದಕ್ಕೆ ಸಾಕ್ಷಿ ಹೇಳಲು ಅಲ್ಲಿನ ನರ್ಸಮ್ಮ ಇನ್ನೂ ಗಟ್ಟಿಮುಟ್ಟಾಗಿದ್ದಾರೆ.

ಈ ಮಹಾವೀರರ ಬತ್ತಳಿಕೆಯಲ್ಲಿ ಇದ್ದದ್ದು ಒಂದೇ ಬಾಣ: ಎದುರಿಗಿರುವ ಮಾಲನ್ನು ಹೀಗಳೆಯುವುದು. ಮಾಲು ಕೆಟ್ಟದ್ದೆಂದು ಸಾಬೀತಾದರೆ ಬೆಲೆ ಇಳಿಯಲೇಬೇಕು. ಆ ಬುಧವಾರ ಬೆಳಿಗ್ಗೆ ಅವರು ಈ ಬಾಣವನ್ನು ಬಿಡುತ್ತಿದ್ದದ್ದು, ಎರಡು ತಿಂಗಳ ಹಿಂದೆ ಶೆಟ್ಟಿಹಳ್ಳಿಯಲ್ಲಿ ತಾವೇ ಕೊಂಡ ಮನೆಯ ಮೇಲೆ. ಎದುರಿಗೆ ಟೇಪು ಹಿಡಿದು ನಿಂತಿದ್ದವರು ಪಾಲಿಕೆಯ ಕಂದಾಯ ವಿಭಾಗದ ಶಶಿರೇಖಾ. ಮನೆ ಮಾರಿದ ಅಡವಿಯಪ್ಪ ಹಳೆಯ ಶೀಟಿನ ಮನೆಯನ್ನು ಕೆಡವಿ ಎರಡಂತಸ್ತಿನ ಆರ್‌ಸಿಸಿ ಮನೆ ಎಬ್ಬಿಸಿದ್ದ. ಅದನ್ನು ಯಾರಿಗೂ ಹೇಳದಷ್ಟು ವಿನಯ ಅವನದು. ಪಾಲಿಕೆಯ ದಾಖಲೆಯಲ್ಲಿ ಶೀಟು ಶೀಟಾಗಿಯೇ ಇತ್ತು. ಈಗ ಖಾತೆ ಬದಲಾಗಬೇಕಾದ್ದರಿಂದ ಮನೆಯನ್ನು ಹೊಸದಾಗಿ ಅಳೆದು ಕಂದಾಯ ನಿಗದಿ ಮಾಡಬೇಕಿತ್ತು.

ಮಹಾಲಿಂಗಯ್ಯ: ಮನೆ ಅಂತೀರಲ್ಲ ಮೇಡಂ, ಇದನ್ನ ಮನೆ ಅನ್ನೋಕೆ ನಿಮಗೆ ಬಾಯಾದ್ರೂ ಹೆಂಗೆ ಬರುತ್ತೆ? ಪಕ್ಕದ ಮನೆ ಇದೆ ಅನ್ನೋ ಧೈರ್ಯದ ಮೇಲೆ ನಿಂತೈತೆ ಇದು.

ಶಶಿರೇಖಾ: ಪಕ್ಕದ ಮನೆಗೂ ಇದಕ್ಕೂ ಮೂರಡಿ ಜಾಗ ಇದೆ ಸಾರ್.

ಮಹಾಲಿಂಗಯ್ಯ: ಈಗ ಮೂರಡಿ. ನಾವು ಬಂದಾಗ ಮೂರೂವರೆ ಇತ್ತು. ವಾಲ್ತಾ ಇದೆ!

ಒಳಗೆ ಕಾಫಿ ಕಲಕುತ್ತಿದ್ದ ಚಮಚದ ಸದ್ದು ನಿಂತಿತು. ಅದು ದಾಕ್ಷಾಯಣಿಯವರ ಚಮಚ. ಈ ಮನೆಗೆ ಬಿದ್ದ ದುಡ್ಡೂ ಅವರದೇ. ತಾಯಿಯಿಂದ ಪಾಲಿಗೆ ಬಂದಿದ್ದ ಗುಬ್ಬಿಯ ತೆಂಗಿನ ತೋಟ ಮಾರಿದ್ದು. "ವಜ್ರದಂಥ ಮನೆ ಕಣೇ, ಕಣ್ಮುಚ್ಚಿ ತೋಟ ಕೊಟ್ಬಿಡು" ಎಂದು ಗಂಡ ಹೇಳಿದ್ದನ್ನು ನಂಬಿ ಅವರು ನಿಜಕ್ಕೂ ಕಣ್ಣು ಮುಚ್ಚಿಯೇ ಕೊಟ್ಟಿದ್ದರು.

ದಾಕ್ಷಾಯಣಿ (ಲೋಟ ಹಿಡಿದು ಬಾಗಿಲಿಗೆ ಬಂದು): ವಾಲ್ತಾ ಇದೆಯಾ? ಯಾವಾಗಿಂದ ರೀ?

ಮಹಾಲಿಂಗಯ್ಯ: ನೀನು ಒಳಗಿರು. ಇಲ್ಲಿ ವ್ಯವಹಾರ ನಡೀತಾ ಇದೆ.

ದಾಕ್ಷಾಯಣಿ: ಒಳಗಿದ್ದೋರ ತಲೆ ಮೇಲೇ ಅಲ್ವಾ ಮೊದಲು ಬೀಳೋದು?

ಮಹಾಲಿಂಗಯ್ಯ ಎಡಗಣ್ಣು ಮಿಟುಕಿಸಿದರು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಇಷ್ಟು ಸನ್ನೆ ಸಾಕು ಎಂಬುದು ಅವರ ಲೆಕ್ಕ.

ದಾಕ್ಷಾಯಣಿ: ಅಯ್ಯೋ, ಕಣ್ಣಿಗೇನು ಬಿತ್ತು? ಸೂರಿಂದ ಸಿಮೆಂಟು ಉದುರ್ತಾ?

ಶಶಿರೇಖಾ: ಉದ್ದ ನಲವತ್ತಡಿ.

ಮಹಾಲಿಂಗಯ್ಯ: ನಲವತ್ತಾ! ಮೂವತ್ತಾರು ಮಾಡ್ಕೊಳಿ.

ಶಶಿರೇಖಾ: ಸಾರ್, ಇದು ಟೇಪು.

ಮಹಾಲಿಂಗಯ್ಯ: ನಾನು ಟೇಪು ಮಾರೋನು ಮೇಡಂ, ಅದರ ಯೋಗ್ಯತೆ ನಂಗೆ ಗೊತ್ತು. ಹೋಗ್ಲಿ, ನಿಮ್ಮ ಮಾತೂ ಬೇಡ, ನನ್ನ ಮಾತೂ ಬೇಡ. ಮೂವತ್ತೆಂಟು.

ಶಶಿರೇಖಾ: ನಲವತ್ತು. (ಬರೆದುಕೊಂಡರು.) ನೋಡಿ ಸಾರ್, ಮನೆ ಚೆನ್ನಾಗಿದೆಯೋ ಕೆಟ್ಟಿದೆಯೋ ಅನ್ನೋದಕ್ಕೂ ಕಂದಾಯಕ್ಕೂ ಸಂಬಂಧ ಇಲ್ಲ.

ಇಂಥ ಮಾತನ್ನು ಮಹಾಲಿಂಗಯ್ಯ ಸಾವಿರ ಸಲ ಕೇಳಿದ್ದರು. 'ಒಂದೇ ದರ' ಎಂದು ಬೋರ್ಡು ನೇತುಹಾಕಿದ ಅಂಗಡಿಗಳಲ್ಲೇ ಅವರು ಅತಿ ಹೆಚ್ಚು ಇಳಿಸಿಕೊಂಡು ಬಂದದ್ದು. ಎದುರಾಳಿ ಬಿಗಿಯಾಗುತ್ತಿದ್ದಾಳೆ ಎಂದರೆ ಗೆಲುವು ಹತ್ತಿರವಾಯಿತು ಎಂದೇ ಅರ್ಥ. ಅವರು ಪಂಚೆ ಎತ್ತಿ ಕಟ್ಟಿದರು.

ಮಹಾಲಿಂಗಯ್ಯ: ಮೇಲಂತಸ್ತಿಗೆ ಮಾತ್ರ ಹತ್ತಬೇಡಿ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ಅದು ಅಂತಸ್ತೇ ಅಲ್ಲ. ಮಳೆ ಬಂದ್ರೆ ಒಳಗೇ ಕೊಡೆ ಹಿಡ್ಕೊಂಡು ಕೂರ್ಬೇಕು.

ದಾಕ್ಷಾಯಣಿ: ಸೋರುತ್ತಾ? ಕುಣಿಗಲ್ ಅಕ್ಕ ಮೊನ್ನೆ ಬಂದು ಅಲ್ಲೇ ಮಲಗಿದ್ಲಲ್ರೀ! ಸೀನ್ತಾ ಸೀನ್ತಾ ಇಳಿದು ಬಂದ್ಲು. ನಾನು ಫ್ಯಾನ್ ಗಾಳಿ ಅಂದ್ಕೊಂಡೆ.

ಮಹಾಲಿಂಗಯ್ಯ: ನಿಮ್ಮಕ್ಕ ಹುಟ್ಟಿದಾಗಿಂದ ಸೀನ್ತಾನೇ ಇದಾರೆ ಕಣೇ!

ಶಶಿರೇಖಾ ಇಬ್ಬರ ನಡುವಿನಿಂದ ಜಾರಿಕೊಂಡು ಮೇಲೆ ಹೋಗಿ ಅಳೆದು ಬಂದರು. ಮೆಟ್ಟಿಲೂ ಅಲುಗಲಿಲ್ಲ, ಅವರೂ ಅಲುಗಲಿಲ್ಲ.

ಶಶಿರೇಖಾ: ತಾರಸೀಲಿ ಟ್ಯಾಂಕ್ ಹಿಂದೆ ಏನೋ ಕಟ್ಟಿದ್ದಾರಲ್ಲ, ಬಾಗಿಲಿಗೆ ಬೀಗ ಇದೆ?

ಮಹಾಲಿಂಗಯ್ಯ: ಅದು ಟ್ಯಾಂಕಿನ ಕಟ್ಟೆ.

ಶಶಿರೇಖಾ: ಕಟ್ಟೆಗೆ ಬೀಗ ಯಾಕೆ ಸಾರ್?

ಮಹಾಲಿಂಗಯ್ಯ: ಕಾಲ ಕೆಟ್ಟೋಗಿದೆ ಮೇಡಂ.

ಶಶಿರೇಖಾ: ಆಯ್ತು, ಕಟ್ಟಡ ಎಷ್ಟು ವರ್ಷದ್ದು? ಹಳೇದಾಗಿದ್ರೆ ಸವಕಳಿ ಅಂತ ಸ್ವಲ್ಪ ಕಡಿಮೆ ಮಾಡ್ತೀವಿ.

ಮುತ್ತಿಗೆ ಹಾಕಿದವನಿಗೆ ಕೋಟೆಯವರೇ ದಿಡ್ಡಿ ಬಾಗಿಲು ತೆರೆದಂತಾಯಿತು.

ಮಹಾಲಿಂಗಯ್ಯ: ನಲವತ್ತು ವರ್ಷ!

ದಾಕ್ಷಾಯಣಿ: ಆರು ವರ್ಷದ ಮನೆ, ಇನ್ನೂ ಬಣ್ಣದ ವಾಸ್ನೆ ಹೋಗಿಲ್ಲ ಅಂದಿದ್ರಿ!

ಮಹಾಲಿಂಗಯ್ಯ: ವಾಸ್ನೆ ಹೋಗಿಲ್ಲ, ವಯಸ್ಸಾಗಿದೆ. ಕೆಲವರಿಗೆ ಇರಲ್ವಾ, ಕೂದಲು ಕಪ್ಪಗೇ ಇರುತ್ತೆ, ಮಂಡಿ ಹೋಗಿರುತ್ತೆ.

ದಾಕ್ಷಾಯಣಿ: ಮಧ್ಯದಲ್ಲಿ ನನ್ನ ಮಂಡಿ ಯಾಕೆ ತರ್ತೀರಿ?

ಶಶಿರೇಖಾ: ಕ್ರಯಪತ್ರದಲ್ಲೂ ಆರು ವರ್ಷ ಅಂತಲೇ ಇದೆ ಸಾರ್.

ಮಹಾಲಿಂಗಯ್ಯ: ಅಡವಿಯಪ್ಪ ಬರೆಸಿದ್ದು ಬುಡಿ. ಅವನು ತನ್ನ ವಯಸ್ಸನ್ನೇ ಇಪ್ಪತ್ತು ವರ್ಷದಿಂದ ಐವತ್ತು ಅಂತ ಹೇಳ್ಕೊಂಡು ಬಂದವ್ನೆ. ಅಷ್ಟು ಯಾಕೆ, ದೇವರಮನೆ ಬಾಗ್ಲು ನೋಡಿ. ಪೂರ್ತಿ ಗೆದ್ಲು!

ಈ ಬಾಣ ಗುರಿ ತಪ್ಪಲಿಲ್ಲ. ಗುರಿ ಮಾತ್ರ ಬೇರೆಯಾಗಿತ್ತು. ದಾಕ್ಷಾಯಣಿ ಒಳಗೆ ಹೋದರು. ಶಿವನ ಪಟ, ವಿಭೂತಿ ಗಟ್ಟಿ, ದೀಪದ ಕಂಬ ಎಲ್ಲವನ್ನೂ ತಂದು ಅಂಗಳದಲ್ಲಿದ್ದ ಸ್ಕೂಟರಿನ ಸೀಟಿನ ಮೇಲೆ ಜೋಡಿಸಿದರು. ಎರಡನೆಯ ಸಲ ಉಪ್ಪಿನಕಾಯಿ ಜಾಡಿ ಬಂತು. ಮೂರನೆಯ ಸಲ ಕುಕ್ಕರು. ಎದುರುಮನೆಯ ನರಸಿಂಹಮ್ಮ ಗೇಟಿನ ಆಚೆಯಿಂದ ಕತ್ತು ಚಾಚಿದರು.

ನರಸಿಂಹಮ್ಮ: ಏನ್ ದಾಕ್ಷಾಯಣಿ, ಬಂದು ಎರಡು ತಿಂಗಳಿಗೇ ಖಾಲಿ ಮಾಡ್ತಿದೀರಾ?

ದಾಕ್ಷಾಯಣಿ: ಬೀಳೋ ಮುಂಚೆ ದೇವರನ್ನಾದ್ರೂ ಉಳಿಸ್ಕೊಳ್ಳೋಣ ಅಂತ ಕಣಮ್ಮ.

ಮಹಾಲಿಂಗಯ್ಯ: ಲೇ, ಏನ್ಲೇ ಇದು! ಬೀದಿಯವ್ರೆಲ್ಲ ನೋಡ್ತಾವ್ರೆ!

ದಾಕ್ಷಾಯಣಿ: ನೋಡ್ಲಿ! ನಮ್ಮಮ್ಮ ಕೊಡಪಾನದಲ್ಲಿ ನೀರು ಹೊತ್ತು ಬೆಳೆಸಿದ ತೆಂಗು ರೀ ಅವು. ಅದನ್ನ ಮಾರಿ ಗೆದ್ಲು ಸಾಕೋಕೆ ಬಂದ್ನಾ ನಾನು? ನಡೀರಿ, ಈಗ್ಲೇ ಅಡವಿಯಪ್ಪನ ಮನೆಗೆ. ಮನೆ ವಾಪಸ್, ದುಡ್ಡು ವಾಪಸ್.

ಅವರ ದನಿ ಕೊನೆಯಲ್ಲಿ ಒಡೆಯಿತು. ಮಹಾಲಿಂಗಯ್ಯನವರು ನಡುವೆ ಸಿಕ್ಕಿಬಿದ್ದರು. ಮನೆ ಒಳ್ಳೆಯದೆಂದರೆ ಮುಂದೆ ಕಂದಾಯ, ಕೆಟ್ಟದ್ದೆಂದರೆ ಹಿಂದೆ ಕುಕ್ಕರು.

ಶಶಿರೇಖಾ (ಫಾರಂ ತಿರುಗಿಸುತ್ತಾ): ಮುಗೀತು ಸಾರ್. ಎರಡಂತಸ್ತು, ಆರ್‌ಸಿಸಿ, ಆರು ವರ್ಷ, ಸ್ವಂತ ವಾಸ.

ಮಹಾಲಿಂಗಯ್ಯ: ಮತ್ತೆ ಗೆದ್ಲು?

ಶಶಿರೇಖಾ: ಗೆದ್ಲಿಗೆ ಕಾಲಂ ಇಲ್ಲ.

ಮಹಾಲಿಂಗಯ್ಯ: ಸೋರೋದು? ವಾಲೋದು?

ಶಶಿರೇಖಾ: ಅದಕ್ಕೂ ಇಲ್ಲ.

ಮಹಾಲಿಂಗಯ್ಯ: ಹಂಗಾದ್ರೆ ಒಂದು ಗಂಟೆಯಿಂದ ನಾನು ಬಾಯಿ ಬಡ್ಕೊಂಡಿದ್ದು?

ಶಶಿರೇಖಾ: ಪೂರ್ತಿ ಕೇಳಿಸ್ಕೊಂಡೆ ಸಾರ್. ಅಮ್ಮನೂ ಕೇಳಿಸ್ಕೊಂಡ್ರು. ಅಮ್ಮಾ, ಮನೆ ನಿಮ್ಮ ಹೆಸರಲ್ಲಿದೆ. ಇಲ್ಲೊಂದು ಸೈನ್ ಹಾಕಿ.

ದಾಕ್ಷಾಯಣಿ: ಹಾಕಲ್ಲ. ಇಂಥ ಮನೆ ನನ್ನದು ಅಂತ ನಾನು ಯಾಕೆ ಒಪ್ಕೊಳ್ಳಿ?

ಶಶಿರೇಖಾ: ಸೈನ್ ಇಲ್ದಿದ್ರೆ ಖಾತೆ ಆಗಲ್ಲಮ್ಮ.

ಖಾತೆಯ ಹೆಸರು ಕೇಳಿದ್ದೇ ಮಹಾಲಿಂಗಯ್ಯ ನಿಂತಲ್ಲೇ ಪಕ್ಷಾಂತರ ಮಾಡಿದರು. ಮೂವತ್ತು ವರ್ಷ ಹೀಗಳೆದ ನಾಲಿಗೆಗೆ ಹೊಗಳುವ ಅಭ್ಯಾಸ ತಪ್ಪಿಹೋಗಿತ್ತು. ಆದರೂ ಪ್ರಾಣಭಯ ಎಲ್ಲವನ್ನೂ ಕಲಿಸುತ್ತದೆ.

ಮಹಾಲಿಂಗಯ್ಯ: ಲೇ, ವಜ್ರ ಕಣೇ ಇದು, ವಜ್ರ! ಈ ಪಿಲ್ಲರ್ ನೋಡು, ಆನೆ ಕಟ್ಟಬಹುದು. ಬಾಗ್ಲು ಅಪ್ಪಟ ತೇಗ, ಗೆದ್ಲು ಬಂದ್ರೆ ಹಲ್ಲು ಮುರ್ಕೊಂಡು ಹೋಗುತ್ತೆ. ಸೋರೋದಾ? ಮೇಲೆ ಟ್ಯಾಂಕಿನ ಹಿಂದೆ ರೂಮಿದೆಯಲ್ಲ, ಹತ್ತಡಿಗೆ ಹನ್ನೆರಡಡಿದು, ಅಷ್ಟು ದೊಡ್ಡ ರೂಮಲ್ಲಿ ಒಂದು ಹನಿ ತೋರ್ಸು ನೋಡಾಣ!

ಶಶಿರೇಖಾ ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

ಶಶಿರೇಖಾ: ಹತ್ತು ಹನ್ನೆರಡು ಅಂದ್ರಾ ಸಾರ್? ಬೀಗದ ಕೈ ಕೊಡಿ, ಅಳೆದೇ ಬಿಡ್ತೀನಿ. ನೀವು ಜಾಸ್ತಿ ಹೇಳಿ ನಿಮಗೆ ನಷ್ಟ ಆಗ್ಬಾರ್ದು.

ಅಳೆದು ಇಳಿದು ಬಂದರು. ಹತ್ತು ಹನ್ನೆರಡೇ. ಜೀವನದಲ್ಲಿ ಮೊದಲ ಬಾರಿಗೆ ಮಹಾಲಿಂಗಯ್ಯನವರ ಅಳತೆ ಟೇಪಿಗೆ ಸರಿಹೊಂದಿತ್ತು. ಶಶಿರೇಖಾ ಆರಿಹೋದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಫಾರಂ ಮತ್ತು ಪೆನ್ನನ್ನು ದಾಕ್ಷಾಯಣಿಯವರ ಮುಂದೆ ಹಿಡಿದರು. ಅವರು ಪೆನ್ನು ತೆಗೆದುಕೊಂಡರು. ಆದರೆ ಗಂಡನ ಕಡೆ ತಿರುಗಿದರು.

ದಾಕ್ಷಾಯಣಿ: ಒಂದು ನಿಜ ಹೇಳಿ, ಆಮೇಲೆ ಸೈನು. ಅಷ್ಟೊಂದು ಕುಂದು ಪಟಪಟ ಅಂತ ಎಲ್ಲಿಂದ ಬಂತು ನಿಮ್ಮ ಬಾಯಿಗೆ?

ಮಹಾಲಿಂಗಯ್ಯ: ಹೊಸದಲ್ಲ ಕಣೇ. ಕೊಳ್ಳೋವಾಗ ಅಡವಿಯಪ್ಪಂಗೆ ಹೇಳಿದ್ದೇ ಇವೆಲ್ಲ. ಒಂದೂ ನಿಜ ಅಲ್ಲ.

ದಾಕ್ಷಾಯಣಿ: ವಾಲೋದು, ಸೋರೋದು, ಗೆದ್ಲು, ಎಲ್ಲಾ ಹೇಳಿದ್ರಾ? ಎಷ್ಟು ಇಳಿಸ್ದ?

ಮಹಾಲಿಂಗಯ್ಯ ಸ್ಕೂಟರಿನ ಮೇಲಿದ್ದ ಶಿವನನ್ನು ನೋಡಿದರು. ಅಲ್ಲಿಂದ ಸಹಾಯ ಬರುವಂತೆ ಕಾಣಲಿಲ್ಲ.

ಮಹಾಲಿಂಗಯ್ಯ: ಇಳಿಸ್ಲಿಲ್ಲ.

ದಾಕ್ಷಾಯಣಿ: ಒಂದು ರೂಪಾಯಿನೂ?

ಮಹಾಲಿಂಗಯ್ಯ: ಒಂದು ರೂಪಾಯಿನೂ. ಮನೆ ನೋಡೋಕೆ ಬಂದ ದಿನ ನೀನು ಒಳಗೆ ಅಡುಗೆಮನೆ ಕಿಟಕಿ ಹತ್ರ ನಗ್ತಾ ನಿಂತಿದ್ದೆ. ಅವನು ನೋಡ್ಬಿಟ್ಟ.