ಗಟ್ಟಿ ಡಿಫರೆನ್ಶಿಯಲ್

ರಘುಪತಿ ಸಾಹೇಬರ ಡ್ರೈವರ್ ರಜೆ ಹಾಕಿ ಊರಿಗೆ ಹೋದದ್ದೇ ಎಲ್ಲಕ್ಕೂ ಕಾರಣ. ಅವನಿದ್ದಿದ್ದರೆ ಉಲ್ಹಾಸನಗರಕ್ಕೆ ಅವನೇ ಹೋಗಿ, ಅಂಗಡಿಯವನು ಕೊಟ್ಟದ್ದನ್ನು ಬಾಯಿ ಮುಚ್ಚಿಕೊಂಡು ತರುತ್ತಿದ್ದ. ಶಶಿಕಾಂತ ಸ್ಟೋರ್ ರೂಮಿನಲ್ಲಿ ತನ್ನ ಪಾಡಿಗೆ ರಟ್ಟು ಎಣಿಸುತ್ತ ಕೂತಿರುತ್ತಿದ್ದ.

ಠಾಣೆ ಊರಿನ ಪಕ್ಕದ ರಬಾಳೆಯಲ್ಲಿ ಸಾಹೇಬರದು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ಹೊಟ್ಟೆ ತುಂಬಿಸುತ್ತಿದ್ದದ್ದು ಪೆಟ್ಟಿಗೆಯಾದರೂ ಹೆಸರು ಬಂದದ್ದು ರೇಸ್ ಕಾರಿನಿಂದ. ಹಳೆಯ ಕಾರೊಂದಕ್ಕೆ ಅವರು ಐನೂರು ಕುದುರೆ ಶಕ್ತಿಯ ಎಂಜಿನ್ ಕೂರಿಸಿದ್ದರು. ಆ ಶಕ್ತಿಯೆಲ್ಲ ಹಿಂದಿನ ಎರಡು ಚಕ್ರಗಳ ನಡುವೆ ಇರುವ ಡಿಫರೆನ್ಶಿಯಲ್ ಎಂಬ ಕಬ್ಬಿಣದ ಗಡಿಗೆಗೆ ಬಂದು, ಅದರ ಹೊಟ್ಟೆಯೊಳಗಿನ ಹಲ್ಲುಗಾಲಿಗಳ ಮೂಲಕ ಚಕ್ರಗಳಿಗೆ ಹಂಚಿಹೋಗಬೇಕು. ಓಡಿದ ಮೂರು ರೇಸಿನಲ್ಲೂ ಹಸಿರು ದೀಪ ಹತ್ತಿದ್ದೇ ತಡ, 'ಟಣ್' ಎಂದು ಆ ಹಲ್ಲುಗಳು ಮುರಿದುಬಿದ್ದಿದ್ದವು. ಸಾಹೇಬರು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದು, "ನನ್ನ ಗಾಡಿ ಜೋರು ತಡಕೊಳ್ಳೋ ಡಿಫರೆನ್ಶಿಯಲ್ ಇನ್ನೂ ಹುಟ್ಟಿಲ್ಲ ನೋಡ್ರಿ! ಗಟ್ಟೀದು ಸಿಗಲಿ, ಆಮ್ಯಾಲ ತೋರಸ್ತೀನಿ," ಎಂದು ಜನರತ್ತ ಕೈ ಬೀಸುತ್ತಿದ್ದರು. ಜನ ಗೆದ್ದವನನ್ನು ಬಿಟ್ಟು ಇವರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮುರಿದ ಹಲ್ಲುಗಾಲಿಗಳು ಆಫೀಸಿನ ಗಾಜಿನ ಕಪಾಟಿನಲ್ಲಿ ಪದಕಗಳಂತೆ ಕೂತಿದ್ದವು.

ಶನಿವಾರ ಬೆಳಿಗ್ಗೆ ಸಾಹೇಬರು ಶಶಿಕಾಂತನನ್ನು ಕರೆದರು.

"ನಾಳೆ ರೇಸ್ ಐತಿ. ಉಲ್ಹಾಸನಗರದಾಗ ಖೇಮಚಂದನ ಅಂಗಡಿಗೆ ಹೋಗಿ ಡಿಫರೆನ್ಶಿಯಲ್ ತಗೊಂಡು ಬಂದು ಗ್ಯಾರೇಜಿಗೆ ಕೊಡು. ಯಾವಾಗಲೂ ಕೊಡೋದನ್ನs ಕೊಡು ಅನ್ನು. ತಿಳೀತಿಲ್ಲೋ?"

"ತಿಳೀತ್ರಿ," ಎಂದ ಶಶಿಕಾಂತ. ಅವನಿಗೆ ನಿಜವಾಗಿಯೂ ತಿಳಿದಿತ್ತು. ಆದರೆ ಹೊರಗೆ ಬಂದು ಆ ಮಾತನ್ನು ಅಕೌಂಟೆಂಟ್ ಪುಂಡರೀಕಾಕ್ಷನಿಗೆ ಹೇಳಿಬಿಟ್ಟ.

ಪುಂಡರೀಕಾಕ್ಷ ಉಡುಪಿ ಕಡೆಯವನು. ತನ್ನ ಕೆಲಸ ಒಂದನ್ನು ಬಿಟ್ಟು ಊರವರ ಕೆಲಸವೆಲ್ಲ ಅವನಿಗೆ ಚೆನ್ನಾಗಿ ಬರುತ್ತಿತ್ತು. "ಎಂತ ಮಾರಾಯ! ಮೂರು ಸಲ ತುಂಡಾದದ್ದನ್ನೇ ನಾಲ್ಕನೇ ಸಲ ತರುವುದಾ? ನಿನಗೆ ತಲೆ ಉಂಟಾ, ಇಲ್ಲ ಹ್ಯಾಟಿಡಲಿಕ್ಕೆ ಗೂಟ ಅದು?"

"ಸಾಹೇಬ್ರು ಅದನ್ನs ತಾ ಅಂದಾರ್ರಿ."

"ಅವರು ಹೇಳುವುದು ಅಭ್ಯಾಸಬಲ. ಗಟ್ಟಿದ್ದು ಬೇಕು ಅಂತ ಊರಿಡೀ ಹೇಳಿಕೊಂಡು ತಿರುಗುವುದು ಯಾರು? ಅವರೇ ಅಲ್ಲವಾ?"

ಪ್ಯಾಕಿಂಗ್ ವಿಭಾಗದ ದಾನಮ್ಮ ಅಷ್ಟರಲ್ಲಿ ಅಂಟು ಮೆತ್ತಿದ ಕೈಯಲ್ಲೇ ಬಂದು ನಿಂತಳು. ಕಲಬುರಗಿಯ ಈಕೆ ಕೋಪರಖೈರಣೆಯಲ್ಲಿ ಶಶಿಕಾಂತನ ಮನೆಯ ಮೇಲಿನ ಮಹಡಿಯಲ್ಲಿರುವವಳು. ತನ್ನ ಅಣ್ಣನ ಮಗಳು ಜ್ಯೋತಿಯನ್ನು ಅವನಿಗೆ ತರುವ ಮಾತೆತ್ತಿದ್ದಳು. ಅಣ್ಣನದು ಒಂದೇ ಹಟ: ಹುಡುಗನ ನೌಕರಿ ಪರ್ಮನೆಂಟ್ ಆಗಬೇಕು. ಶಶಿಕಾಂತ ಮಾತ್ರ ಸೇರಿದಾಗಿನಿಂದ ಟೆಂಪರರಿಯಾಗಿಯೇ ಉಳಿದಿದ್ದ.

"ತಮ್ಮಾ, ಇವ್ರು ಹೇಳೋದು ಖರೆ ಅದ," ಎಂದಳು ದಾನಮ್ಮ. "ಈ ಸಲ ಮುರೀಲಾರದ್ದು ತಾ. ಗಾಡಿ ಗೆದ್ದಿತು ಅಂದ್ರ ಸಾಹೇಬ್ರು ಖುಷಿಯಾಗಿ ನಿನ್ನ ಪರ್ಮನೆಂಟ್ ಮಾಡಲೇಬೇಕು. ನಮ್ಮಣ್ಣಗ ನಾ ಇವತ್ತೇ ಫೋನ್ ಹಚ್ತೀನಿ."

ಶಶಿಕಾಂತನಿಗೆ ಜ್ಯೋತಿಯ ಮುಖ ಕಣ್ಣ ಮುಂದೆ ಬಂತು. ಅವನ ವಿವೇಕ ಅಲ್ಲಿಗೆ ಮುಗಿಯಿತು.

ಅವನೊಬ್ಬನೇ ಹೋಗಿ ಮೋಸಹೋದಾನೆಂದು ಪುಂಡರೀಕಾಕ್ಷ ಅರ್ಧ ದಿನ ರಜೆ ಹಾಕಿ ಜೊತೆಗೆ ಹೊರಟ. ಇಬ್ಬರೂ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿದರು. ಮುಂಬ್ರಾ ದಾಟಿ ಕಲ್ಯಾಣ ಬರುವಷ್ಟರಲ್ಲಿ, ಡಿಫರೆನ್ಶಿಯಲ್ ಎಂದರೇನೆಂದು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ ಪುಂಡರೀಕಾಕ್ಷ ಪಂಡಿತನಾಗಿದ್ದ.

ಖೇಮಚಂದನ ಅಂಗಡಿ ಎಂದರೆ ಕಬ್ಬಿಣದ ಕಾಡು. ರಘುಪತಿ ಸಾಹೇಬರ ಹೆಸರು ಕೇಳಿದ್ದೇ ಮುದುಕ ಮೇಜಿನ ಕೆಳಗಿನಿಂದ ಒಂದನ್ನು ಎಳೆದಿಟ್ಟ. "ತೆಗೆದಿಟ್ಟೇ ಇದ್ದೀನಿ ಭಾಯ್. ಸೇಠ್‌ಗೆ ಇದೇ ಬೇಕು."

ಪುಂಡರೀಕಾಕ್ಷ ಅದರೊಳಗೆ ಬೆರಳು ಹಾಕಿ ಅಲ್ಲಾಡಿಸಿದ. ಅದು ಗಡಗಡ ಎಂದಿತು. "ಇದರ ಹಲ್ಲು ನನ್ನ ಅಜ್ಜಯ್ಯನ ಹಲ್ಲಿನ ಹಾಗೆ ಅಲ್ಲಾಡ್ತದೆ! ಇಂಥ ಗುಜರಿ ಮಾಲು ಕೊಟ್ಟು ನಮ್ಮ ಸಾಹೇಬರ ಮಾನ ಕಳೆಯುವುದು ನೀವೇ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಪಕ್ಕದಂಗಡಿಯ ಗಿರಾಕಿಗಳು ಇಣುಕಿದರು.

"ಅರೇ ಭಾಯ್, ಕೂಗಬೇಡ. ಸೇಠ್‌ಗೆ ಒಂದು ಫೋನ್ ಮಾಡಿ ಕೇಳು…"

"ಕೇಳುವುದೆಂತ? ಲಾರಿದ್ದು ಕೊಡಿ!"

ಖೇಮಚಂದ ತಲೆ ಚಚ್ಚಿಕೊಂಡ. ಲಾರಿಯದು ಮುರಿಯುವುದಿಲ್ಲ ನಿಜ. ಆದರೆ ಅದರ ಹಲ್ಲಿನ ಲೆಕ್ಕವೇ ಬೇರೆ. ಚಕ್ರ ಒಂದು ಸುತ್ತು ಸುತ್ತುವಷ್ಟರಲ್ಲಿ ಎಂಜಿನ್ ಹೆಚ್ಚು ಸುತ್ತು ತಿರುಗಿ ಸುಸ್ತಾಗುತ್ತದೆ. ಗುಡ್ಡ ಬೇಕಾದರೆ ಎಳೆದೀತು, ಓಟದಲ್ಲಿ ರಿಕ್ಷಾ ಕೂಡ ಹಿಂದೆ ಹಾಕೀತು. ಮೇಲಾಗಿ ಅದರ ಭಾರಕ್ಕೆ ಕಾರು ಕುಂಡೆ ಊರಿ ಕೂತುಬಿಡುತ್ತದೆ.

"ಗಟ್ಟೀನೂ ಇರಬೇಕ್ರಿ, ಓಡಲೂಬೇಕು," ಎಂದ ಶಶಿಕಾಂತ. ಆ ದಿನ ಯಾರಾದರೂ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ. ಅವನಿಗೆ ಕುತ್ತು ತಂದದ್ದೂ ಅದೇ.

ಖೇಮಚಂದ ಒಳಗೆ ಹೋದ. ದೊಡ್ಡ ವಿದೇಶಿ ಜೀಪೊಂದರ ಡಿಫರೆನ್ಶಿಯಲ್ಲನ್ನು ಇಬ್ಬರು ಆಳುಗಳ ಕೈಯಲ್ಲಿ ಹೊರಿಸಿಕೊಂಡು ಬಂದ. ಒಳಗಿನ ಹಲ್ಲುಗಾಲಿ ಜೋಳದ ರೊಟ್ಟಿಯಷ್ಟು ಅಗಲ, ಒಂದೊಂದು ಹಲ್ಲೂ ಹೆಬ್ಬೆರಳ ದಪ್ಪ. ಹಲ್ಲಿನ ಲೆಕ್ಕ ಮಾತ್ರ ಕಾರಿನದೇ. ಜೊತೆಗೆ ಚಕ್ರಕ್ಕೆ ಹೋಗುವ ದಪ್ಪನೆಯ ಎರಡು ಆಕ್ಸೆಲ್. "ಇದು ಮುರಿದರೆ ನನ್ನ ಹೆಸರು ಬದಲಿಸು," ಎಂದ.

ವಾಪಸಾಗುವಾಗ ರೈಲಿನ ಲಗೇಜ್ ಡಬ್ಬಿಯೇ ಗತಿಯಾಯಿತು. ಖೇಮಚಂದ ಅದಕ್ಕೆ ಹಳೆಯ ಕೆಂಪು ಬಟ್ಟೆ ಸುತ್ತಿ ಕೊಟ್ಟಿದ್ದ. ತನ್ನ ಬುಟ್ಟಿಯ ಪಕ್ಕ ಕೂತಿದ್ದ ಮುದುಕಿಯೊಬ್ಬಳು ಅದನ್ನು ನೋಡಿ, "ದೇವ ಆಹೇ ಕಾ?" ಎಂದು ಮರಾಠಿಯಲ್ಲಿ, ಒಳಗಿರುವುದು ದೇವರೇ ಎಂದು ಕೇಳಿದಳು. ಶಶಿಕಾಂತ ಬಾಯಿ ತೆರೆಯುವ ಮೊದಲೇ ಪುಂಡರೀಕಾಕ್ಷ "ಹೋ, ಹೋ," ಎಂದು ಹೌದೆನ್ನುತ್ತ ತಲೆಯಾಡಿಸಿಬಿಟ್ಟ. ದೇವರೆಂದರೆ ಜನ ಒದೆಯುವುದಿಲ್ಲವೆಂದು ಅವನ ಲೆಕ್ಕ. ಮುದುಕಿ ಭಕ್ತಿಯಿಂದ ಮುಟ್ಟಿ ಕೈಯನ್ನು ಹಣೆಗೊತ್ತಿಕೊಂಡಳು. ಹಣೆಯ ತುಂಬ ಕಪ್ಪು ಗ್ರೀಸ್. ಅವಳನ್ನು ನೋಡಿ ಇನ್ನೂ ನಾಲ್ವರು ಮುಟ್ಟಿದರು. ಠಾಣೆ ಬರುವವರೆಗೂ ಶಶಿಕಾಂತ ಕಿಟಕಿಯ ಹೊರಗೇ ನೋಡುತ್ತಿದ್ದ. ಇಳಿಯುವ ಗಡಿಬಿಡಿಯಲ್ಲಿ ದೇವರು ಅವನ ಎಡಗಾಲಿನ ಮೇಲೆ ಬಿತ್ತು.

ಗ್ಯಾರೇಜಿನ ಮುರಾರಿ ಅದನ್ನು ನೋಡಿ ಸೀಟಿ ಹೊಡೆದ. "ಸೇಠ್‌ಗೆ ಗೊತ್ತಾ?" ಎಂದು ಕೇಳಿದ.

"ಬೇಡ, ಹೇಳಬೇಡಿ. ನಾಳೆ ಅವರಿಗೆ ಗೊತ್ತಾದರೆ ಸಾಕು," ಎಂದ ಪುಂಡರೀಕಾಕ್ಷ. ಮುರಾರಿ ಒಂದಿಷ್ಟು ಕಡಿದು, ಒಂದಿಷ್ಟು ವೆಲ್ಡ್ ಮಾಡಿ, ಸಂಜೆಯೊಳಗೆ ಕೂರಿಸಿದ. ಸಾಹೇಬರು ರೇಸಿನ ಮುನ್ನಾದಿನ ಕಾರಿನ ಹತ್ತಿರ ಸುಳಿಯುತ್ತಿರಲಿಲ್ಲ. ಮನಸ್ಸನ್ನು ಶಾಂತವಾಗಿ ಇಟ್ಟುಕೊಳ್ಳಬೇಕೆಂದು ಹೇಳುತ್ತಿದ್ದರು.

ಭಾನುವಾರ ಕಲ್ಯಾಣದ ಆಚೆಯ ಖಾಸಗಿ ಮೈದಾನದಲ್ಲಿ ಜನವೋ ಜನ. ಕಾರ್ಖಾನೆಯವರೆಲ್ಲ ಬಂದಿದ್ದರು. ದಾನಮ್ಮ ಅಣ್ಣನಿಗೆ ವಿಡಿಯೋ ಕಾಲ್ ಹಚ್ಚಿಕೊಂಡೇ ನಿಂತಿದ್ದಳು. ಖೇಮಚಂದನೂ ತನ್ನ ಮಾಲಿನ ಗತಿ ನೋಡಲು ಬಂದಿದ್ದ. ಸಾಹೇಬರು ಮದುವೆಯ ಗಂಡಿನ ಹಾಗೆ ಎಲ್ಲರಿಗೂ ಕೈ ಮುಗಿದು, ಕಾರಿನೊಳಗೆ ಹಾಯಾಗಿ ಒರಗಿ ಕೂತರು.

ಹಸಿರು ದೀಪ ಹತ್ತಿತು. 'ಟಣ್' ಎನ್ನಲಿಲ್ಲ.

ಕಾರು ಬಾಲ ಸುಟ್ಟ ಬೆಕ್ಕಿನಂತೆ ಚಿಮ್ಮಿತು. ಸಾಹೇಬರ ತಲೆ ಹಿಂದಕ್ಕೆ ಅಪ್ಪಳಿಸಿದ್ದು ಕಂಡಿತು, ಆಮೇಲೆ ಏನೂ ಕಾಣಲಿಲ್ಲ. ನೇರ ದಾರಿಯಲ್ಲಿ ಜೋಡಿಯಾಗಿ ಹೊರಟಿದ್ದ ಪಕ್ಕದ ಕಾರು ಅರ್ಧಕ್ಕೆ ಬರುವಷ್ಟರಲ್ಲಿ ಇವರು ಕೊನೆಯ ಗೆರೆ ದಾಟಿ, ಅದರಾಚೆ ಟೈರುಗಳನ್ನು ಪೇರಿಸಿದ್ದ ಗೋಡೆಗೆ ಮೂಗು ತಾಗಿಸಿ ನಿಂತಿದ್ದರು. ಜನ ಹುಚ್ಚೆದ್ದು ಕೂಗಿದರು.

ಎಲ್ಲರಿಗಿಂತ ಮೊದಲು ಓಡಿದವನು ಶಶಿಕಾಂತ, ಒಂದು ಕಾಲು ಕುಂಟುತ್ತ. ಸಾಹೇಬರು ಸ್ಟಿಯರಿಂಗ್ ಅಪ್ಪಿಕೊಂಡು ಕೂತಿದ್ದರು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ಗೆದ್ರಿ ಸರ್! ಮುರೀಲಿಲ್ರಿ!"

ಸಾಹೇಬರು ಬಹಳ ಮೆಲ್ಲಗೆ ಕೇಳಿದರು. "ಗಟ್ಟೀದು ತಾ ಅಂತ ಯಾರು ಹೇಳಿದ್ರೋ ನಿನಗ?"

"ನೀವs ಹೇಳತಿದ್ರೆಲ್ರಿ ಎಲ್ಲಾರ ಮುಂದ…"

"ಎಲ್ಲಾರ ಮುಂದ ಹೇಳತಿದ್ದೆ. ನಿನ್ನ ಮುಂದ ಏನು ಹೇಳಿದ್ದೆ? ಮೂರು ಸಲ ಖೇಮಚಂದಗ ಹೇಳಿ ಹೇಳಿ ಸವೆದದ್ದನ್ನs ತರಿಸಿದ್ದು ಯಾತಕ್ಕಂತ ತಿಳ್ಕೊಂಡಿ? ಇಳಿಜಾರಿನ್ಯಾಗ ಸೈಕಲ್ ಬಿಡಾಕೂ ನನಗ ಅಂಜಿಕಿ ಬರತೈತೋ, ಗುಲಾಮ!"

ಅಷ್ಟರಲ್ಲಿ ಜನ ಬಂದು ಸಾಹೇಬರನ್ನು ಹೆಗಲ ಮೇಲೆ ಹೊತ್ತು ವೇದಿಕೆಗೆ ಒಯ್ದರು. ಮುಂದಿನ ತಿಂಗಳು ಇದಕ್ಕಿಂತ ದೊಡ್ಡ ರೇಸ್ ಇದೆ, ಇವರು ಓಡಲೇಬೇಕು ಎಂದು ಸಂಘಟಕರು ಮೈಕಿನಲ್ಲಿ ಸಾರಿದರು. ಸಾಹೇಬರ ಮುಖ ಒಂದು ಗಳಿಗೆ ಸುಣ್ಣದಂತಾಗಿ, ಮರುಗಳಿಗೆಯೇ ಅರಳಿತು. ಅವರು ಮೈಕ್ ಕಸಿದುಕೊಂಡರು.

"ಈ ಗೆಲುವು ನಂದಲ್ರಿ. ಈ ಡಿಫರೆನ್ಶಿಯಲ್ ಆರಿಸಿ ತಂದ ನಮ್ಮ ಶಶಿಕಾಂತಂದು! ಅದರ ಗುಣ ಅವಗ ಗೊತ್ತು. ಮುಂದಿನ ರೇಸಿನಿಂದ ಗಾಡಿ ಓಡಸಾಂವ ಅವನs. ಇವತ್ತಿನಿಂದ ಅವನ ನೌಕರಿ ಪರ್ಮನೆಂಟ್!"

ಚಪ್ಪಾಳೆ ಬಿತ್ತು. ಪುಂಡರೀಕಾಕ್ಷ ಅವನನ್ನು ತಬ್ಬಿಕೊಂಡು, "ನಾನು ಹೇಳಲಿಲ್ಲವಾ ಮಾರಾಯ?" ಎಂದ. ಕಾರ್ಖಾನೆಯ ಟೆಂಪೋವನ್ನು ಎರಡನೇ ಗೇರಿನಾಚೆ ಓಡಿಸಿ ಗೊತ್ತಿಲ್ಲದ ಶಶಿಕಾಂತ ದಾನಮ್ಮನ ಕಡೆ ನೋಡಿದ. ಅವಳು ಫೋನನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಬಂದಳು.

"ಅಣ್ಣ ಎಲ್ಲಾ ನೋಡಿದ ತಮ್ಮಾ. ಹಿಂಗ ಹಾರೋ ಗಾಡ್ಯಾಗ ಕೂಡೋನಿಗೆ ಮಗಳ್ನ ಕೊಡಂಗಿಲ್ಲ ಅಂದ. ಟೆಂಪರರಿ ಇದ್ದಾಗs ಛಲೋ ಇದ್ದಿ ನೀನು."

ಖೇಮಚಂದನ ಸುತ್ತ ರೇಸಿನವರು ಜೇನುನೊಣಗಳ ಹಾಗೆ ಮುತ್ತಿಕೊಂಡಿದ್ದರು. ಶಶಿಕಾಂತ ಅವರ ನಡುವೆ ನುಸುಳಿ, ಮುದುಕನ ತೋಳು ಹಿಡಿದು ಬದಿಗೆ ಕರೆದೊಯ್ದ.

"ಸೇಠ್, ನಿನ್ನೆ ಮೊದಲು ತೋರಿಸಿದ್ರೆಲ್ರಿ, ಹಲ್ಲು ಅಲ್ಲಾಡೋದು… ಅದು ಐತೇನ್ರಿ?"

ಖೇಮಚಂದ ಎರಡೂ ಕಿವಿ ಮುಟ್ಟಿಕೊಂಡ. "ನಿನ್ನ ದೋಸ್ತ್ ಓಣಿ ತುಂಬ ಮರ್ಯಾದೆ ತೆಗೆದ ಮೇಲೆ ಅಂಥ ಮಾಲು ಇಟ್ಕೊಳ್ತೀನಾ ಭಾಯ್? ಎಲ್ಲಾ ಕರಗಿಸೋಕೆ ಕಳಿಸಿಬಿಟ್ಟೆ. ಇನ್ನು ನನ್ನ ಅಂಗಡಿಯಲ್ಲಿ ಮುರಿಯೋದು ಸಿಗಲ್ಲ," ಎಂದವನು, ಅವನ ಬೆನ್ನು ತಟ್ಟಿ ದನಿ ತಗ್ಗಿಸಿದ. "ಇದಕ್ಕಿಂತ ಗಟ್ಟೀದು ಬೇಕಾದರೆ ಹೇಳು, ನಿನಗೋಸ್ಕರ ತರಿಸ್ತೀನಿ."